ಡಬಲ್ ಪಿಯೋನಿ: ಎಲೆ ಮಾತ್ರ, ಮೊಗ್ಗೇ ಇಲ್ಲ. ಏನು ಮಾಡ್ಲಿ?

ಕಾಡುಮಲ್ಲಿಗೆ:
ಸಾಕಾಗಿ ಹೋಗಿದೆ ಮಾರಾಯ್ರೆ. ಪಿಯೋನಿಯಲ್ಲಿ ಸಾರಾ ಬರ್ನ್‌ಹಾರ್ಟ್ ಅನ್ನೋ ತಳಿ, ತಿಳಿ ಗುಲಾಬಿ ಡಬಲ್ (ಸುತ್ತು ಸುತ್ತು ಎಸಳಿನ ಹೂ). ಎಲೆ ನೋಡಿದ್ರೆ ದೃಷ್ಟಿ ತಾಗೋ ಹಾಗಿದೆ, ಮೊಗ್ಗು ಒಂದೂ ಇಲ್ಲ. ಗೊಬ್ಬರ ಹಾಕಿದೀನಿ, ನೀರು ಕೊಡ್ತಿದೀನಿ, ಬಿಸಿಲೂ ಇದೆ. ಹೋದ ವರ್ಷ ಒಂದೆರಡು ಮೊಗ್ಗು ಬಂದು ಬಟಾಣಿ ಗಾತ್ರಕ್ಕೆ ನಿಂತು ಕಪ್ಪಾದವು. ಈ ಸಲ ಅದೂ ಇಲ್ಲ. ಏನು ಹಾಕಿದ್ರೆ ಹೂ ಬರುತ್ತೆ? "ನಮ್ಮ ಹವೆಗೆ ಆಗಲ್ಲ" ಅನ್ನೋ ಉತ್ತರ ದಯವಿಟ್ಟು ಬೇಡ, ಹೋದ ವರ್ಷ ಮೊಗ್ಗು ಬಂದಿತ್ತಲ್ಲ. ಇದರಿಂದ ಇನ್ನೆರಡು ಗಿಡ ಮಾಡೋದು ಹೇಗೆ ಅಂತಲೂ ಹೇಳಿ.

ತೋಟದ_ಮನೆ:
ಆಳ ಜಾಸ್ತಿ ಆಗಿದೆ. ನೋಡದೇ ಹೇಳ್ತೀನಿ. ಪಿಯೋನಿ ಗೆಡ್ಡೆಯ ತಲೆ ಮೇಲೆ ಕೆಂಪು ಕಣ್ಣು (ಚಿಗುರೊಡೆಯೋ ಮೊಳಕೆ) ಇರ್ತವಲ್ಲ, ಅವು ಮಣ್ಣಿನ ಮಟ್ಟದಿಂದ ಎರಡು ಇಂಚು ದಾಟಿದ್ರೆ ಎಲೆ ಬರುತ್ತೆ, ಹೂ ಬರಲ್ಲ. ಎರಡು ಇಂಚು ಅನ್ನೋದೂ ಹಿಮ ಬೀಳೋ ದೇಶದ ಲೆಕ್ಕ, ನಮ್ಮಂಥ ಕಡೆ ಅರ್ಧದಿಂದ ಒಂದು ಇಂಚು ಸಾಕು. ಬೆರಳಲ್ಲಿ ಮಣ್ಣು ಸರಿಸಿ ಅಳತೆ ಹೇಳಿ.

ಹಾಸನ_ಹಸಿರು:
ಅಕ್ಕ, ಗಿಡ ಎಲ್ಲಿದೆ? ನೆಲದಲ್ಲೋ ಕುಂಡದಲ್ಲೋ? ಮೂಡಿಗೆರೆಯೋ ಕಡೂರೋ? ಎರಡೂ ಒಂದೇ ಜಿಲ್ಲೆ ಅಂದ್ರೂ ಮಳೆ ಲೆಕ್ಕದಲ್ಲಿ ಬೇರೆ ಬೇರೆ ದೇಶ. "ಗೊಬ್ಬರ ಹಾಕಿದೀನಿ" ಅಂದ್ರೆ ಯಾವ ಗೊಬ್ಬರ?

ಕಾಡುಮಲ್ಲಿಗೆ:
ಮೂಡಿಗೆರೆ ಹತ್ತಿರ. 12 ಇಂಚಿನ ಕುಂಡ, ಕಾಫಿ ನರ್ಸರಿಯ ಪಾಲಿಹೌಸ್ (ಪ್ಲಾಸ್ಟಿಕ್ ಹೊದಿಸಿದ ಮನೆ) ಒಳಗೆ. ಕೊಟ್ಟಿಗೆ ಗೊಬ್ಬರ, ವಾರಕ್ಕೊಮ್ಮೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮ ಇರೋ ರಸಗೊಬ್ಬರ). ಮಣ್ಣು ತೋಟದ್ದೇ. ಬೇರು ಆನ್‌ಲೈನ್‌ನಲ್ಲಿ ತರಿಸಿದ್ದು, ಕೋಕೋಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ಸುತ್ತಿ ಬಂದಿತ್ತು, ಪೊಟ್ಟಣ ಮುಟ್ಟಿದ್ರೆ ತಣ್ಣಗಿತ್ತು. ಇದೆಲ್ಲ ಎಲ್ರೂ ಮಾಡೋದೇ ಅಲ್ವಾ, ಅದಕ್ಕೇ ಬರೆದಿರಲಿಲ್ಲ. ಕಣ್ಣು ಮುಕ್ಕಾಲು ಇಂಚು ಒಳಗಿದೆ.

ತೋಟದ_ಮನೆ:
ಮುಕ್ಕಾಲು ಇಂಚು ನೆಟ್ಟಾಗಲೋ ಈಗಲೋ? ಕೊಟ್ಟಿಗೆ ಗೊಬ್ಬರ ಹಾಕ್ತಾ ಹೋದ್ರೆ ಮೇಲೆ ಮಣ್ಣು ಏರುತ್ತೆ. ಕುಂಡದ ಮಣ್ಣು ಕುಸಿದಾಗ ಗೆಡ್ಡೆಯೂ ಕೆಳಗಿಳಿಯುತ್ತೆ. ಬಿಚ್ಚಿ ನೋಡಿ, ನಾನು ಹೇಳಿದ್ದೇ ಸರಿ ಅಂತ ಗೊತ್ತಾಗುತ್ತೆ.

ಬೇರುಕಣ್ಣು:
ಆಳದ ವಿಷಯ ಪಕ್ಕಕ್ಕಿಡೋಣ. ಮುಕ್ಕಾಲು ಇಂಚು ಸರಿಯಾಗೇ ಇದೆ. ಇಡೀ ಉತ್ತರ ಇರೋದು "ಪೊಟ್ಟಣ ತಣ್ಣಗಿತ್ತು" ಅನ್ನೋ ಮಾತಲ್ಲಿ.

ಎಲೆ ಸತ್ತು ನೆಲದೊಳಗೆ ಮಲಗೋ ಪಿಯೋನಿಗೆ ಸುಮಾರು 0ರಿಂದ 4-5 ಡಿಗ್ರಿ ಚಳಿ ಒಟ್ಟು 500ರಿಂದ 1000 ಗಂಟೆ ಸಿಗಬೇಕು. ತಳಿ ಮೇಲೆ ಹೆಚ್ಚುಕಡಿಮೆ ಆಗುತ್ತೆ. ಆ ಚಳಿ ಸಿಕ್ಕಿದ್ರೆ ಮಾತ್ರ ಕಣ್ಣು ನಿದ್ದೆಯಿಂದ ಎದ್ದು, ಒಳಗೆ ಮೊದಲೇ ಮೂಡಿರೋ ಹೂಮೊಗ್ಗನ್ನ ಮೇಲೆ ತಳ್ಳುತ್ತೆ. ಚಿಕ್ಕಮಗಳೂರಲ್ಲಿ ಜನವರಿ ರಾತ್ರಿ 14-15 ಡಿಗ್ರಿ. ತೀರಾ ಚಳಿ ಬಿದ್ದ ದಿನ 10ರ ಹತ್ತಿರ ಬರಬಹುದು, ಅದೂ ಬೆಳಗಿನ ಜಾವ ಒಂದೆರಡು ತಾಸು. ಪಾಲಿಹೌಸ್ ಒಳಗೆ ಅದೂ ಇಲ್ಲ.

ನಿಮ್ಮ ಬೇರು ಮಾರುವವರ ಶೀತಲ ಕೋಣೆಯಲ್ಲಿ ವಾರಗಟ್ಟಲೆ ಇದ್ದು ಬಂದದ್ದು. ಮೊದಲ ವರ್ಷದ ಮೊಗ್ಗು ಆ ಚಳಿಯ ಫಲ. ಎರಡನೇ ವರ್ಷ ಚಳಿ ಸಿಗಲಿಲ್ಲ, ಮೊಗ್ಗೂ ಬರಲಿಲ್ಲ. ಹೋದ ವರ್ಷದ ಮೊಗ್ಗನ್ನ ನೀವು ಹವೆಯ ಪರ ಸಾಕ್ಷಿ ಅಂತ ತಂದಿರಿ, ಅದು ಹೇಳ್ತಿರೋದು ಉಲ್ಟಾ.

ಗಿರಿ_ತಪ್ಪಲು:
ನಮ್ಮ ಬಾಬಾಬುಡನ್‌ಗಿರಿ ಕಡೆ ಚಳಿಗೆ ಹಲ್ಲು ಕಟಕಟ ಅನ್ನುತ್ತೆ ಸಾರ್. ಮೇಲೆ ನೆಟ್ರೆ ಖಂಡಿತ ಬರುತ್ತೆ.

ಬೇರುಕಣ್ಣು:
ಹಲ್ಲಿಗೆ ಆದ ಚಳಿ ಗೆಡ್ಡೆಗೆ ಲೆಕ್ಕಕ್ಕಿಲ್ಲ. ಮುಳ್ಳಯ್ಯನಗಿರಿ 1930 ಮೀಟರ್ ಎತ್ತರ ಇದೆ ನಿಜ, ಆದ್ರೂ ಅಲ್ಲಿ ಮಣ್ಣು ವಾರಗಟ್ಟಲೆ 5 ಡಿಗ್ರಿ ಕೆಳಗೆ ನಿಲ್ಲಲ್ಲ. ಗಾಳಿಗೆ ಚಳಿ ಅನ್ನಿಸೋದು ಬೇರೆ. ನಮ್ಮ ದೇಶದ್ದೇ ಪಿಯೋನಿ ಬೇಕಂದ್ರೆ ಎಮೋಡಿ ಅಂತ ಇದೆ, ಬಿಳಿ, ಒಂಟಿ ಸುತ್ತಿನ ಹೂ. ಅದೂ ಹಿಮಾಲಯದ್ದು.

ಹಾಸನ_ಹಸಿರು:
ದಿನಾ ರಾತ್ರಿ ಕುಂಡದ ಮೇಲೆ ಒಂದು ಟ್ರೇ ಐಸ್ ಸುರಿದ್ರೆ?

ಬೇರುಕಣ್ಣು:
ಐಸ್ ಸ್ವಲ್ಪ ಹೊತ್ತಿಗೆ ಕರಗಿ ನೀರಾಗುತ್ತೆ, ಮಣ್ಣು ಬೆಳಗಾಗೋ ಮುಂಚೆ ಮತ್ತೆ ಬೆಚ್ಚಗೆ. ನಿದ್ದೆಯಲ್ಲಿರೋ ಗೆಡ್ಡೆಗೆ ದಿನಾ ನೀರು ಕುಡಿಸಿದ್ರೆ ಕೊಳೆಯೋದು ಗ್ಯಾರಂಟಿ.

ಡೇರೆ_ಪ್ರಿಯೆ (ಕೊಪ್ಪ):
ಬಟಾಣಿ ಗಾತ್ರಕ್ಕೆ ನಿಂತು ಕಪ್ಪಾಗೋದು ಬೂದು ಬೂಷ್ಟು ರೋಗನೂ ಇರಬಹುದಲ್ಲ? ಬೊಟ್ರೈಟಿಸ್. ನಮ್ಮ ಮಳೆಗೆ ಅದು ಡೇರೆ (ಡೇಲಿಯಾ) ಹೂವನ್ನೂ ಬಿಡಲ್ಲ.

ಬೇರುಕಣ್ಣು:
ಇರಬಹುದು. ಗುರುತಿಸೋದು ಹೀಗೆ: ಮೊಗ್ಗಿನ ಕೆಳಗೆ ಒಂದೆರಡು ಇಂಚು ತೊಟ್ಟು ಕೂಡ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ರೆ, ತೇವದ ಬೆಳಗ್ಗೆ ಅದರ ಮೇಲೆ ಬೂದು ಪುಡಿ ಕಂಡ್ರೆ, ಬೂಷ್ಟು. ತೊಟ್ಟು ಹಸಿರಾಗಿ ಗಟ್ಟಿಯಾಗಿದ್ದು ಮೊಗ್ಗು ಮಾತ್ರ ಒಣಗಿ ಚಿವುಟಿದ್ರೆ ಪುಡಿಯಾದ್ರೆ ಸೆಕೆ, ಇಲ್ಲಾ ನೀರಿನ ಏರುಪೇರು, ಇಲ್ಲಾ ಸಾಕಷ್ಟು ಆಹಾರ ಇಲ್ಲದ ಚಿಕ್ಕ ಗೆಡ್ಡೆ. ಪಾಲಿಹೌಸ್‌ನಲ್ಲಿ ಮೊಗ್ಗು ಕಟ್ಟಿದ್ದಂದ್ರೆ ನನ್ನ ಪ್ರಕಾರ ಸೆಕೆ. ಡಬಲ್ ಹೂವಿನಲ್ಲಿ ಕೇಸರಗಳೇ ಎಸಳಾಗಿರ್ತವೆ, ಮೊಗ್ಗು ಭಾರ, ತುಂಬೋಕೆ ಸಮಯ ಬೇಕು. ಅದರಲ್ಲೂ ಸಾರಾ ಬರ್ನ್‌ಹಾರ್ಟ್ ತಡವಾಗಿ ಅರಳೋ ಜಾತಿ, 1906ರಲ್ಲಿ ಫ್ರಾನ್ಸಿನ ಲೆಮ್ವಾನ್ ನರ್ಸರಿಯಿಂದ ಬಂದದ್ದು. ಅದು ಅರಳೋ ಹೊತ್ತಿಗೆ ಇಲ್ಲಿ ಬೇಸಿಗೆ ಬಂದುಬಿಡುತ್ತೆ. ಮುಂದೆ ತರಿಸೋದಾದ್ರೆ ಬೇಗ ಅರಳೋ ಫೆಸ್ಟಿವಾ ಮ್ಯಾಕ್ಸಿಮಾ (ಬಿಳಿ, ನಡುವೆ ಕೆಂಪು ಚುಕ್ಕೆ, 1851ರ ತಳಿ) ಅಥವಾ ಅರೆ ಡಬಲ್ ಕೋರಲ್ ಚಾರ್ಮ್ ನೋಡಿ.

ಗಿರಿ_ತಪ್ಪಲು:
ಪಾಲಿಹೌಸ್‌ನಲ್ಲಿ ಇರುವೆ ಬರಲ್ಲ ನೋಡಿ, ಅದೇ ಕಾರಣ. ಇರುವೆ ಮೊಗ್ಗು ನೆಕ್ಕಿದ್ರೇನೇ ಪಿಯೋನಿ ಅರಳೋದು.

ತೋಟದ_ಮನೆ:
ಶುದ್ಧ ಸುಳ್ಳು. ಮೊಗ್ಗಿನ ಹೊರಗಿನ ಪುಷ್ಪಪತ್ರ ಸಿಹಿ ರಸ ಬಿಡುತ್ತೆ, ಅದಕ್ಕೆ ಇರುವೆ ಬರುತ್ತೆ. ಅದು ಬರಲಿ ಬಿಡಲಿ ಹೂ ಅರಳುತ್ತೆ.

ಗಿರಿ_ತಪ್ಪಲು:
ನೀವು ಹೂ ಬಿಡಿಸಿ ತೋರಿಸಿ, ಆಮೇಲೆ ಮಾತಾಡೋಣ.

ತೋಟದ_ಮನೆ:
ನೀವು ಮೊದಲು ಇರುವೆ ಬಿಟ್ಟು ಹೂ ಬಿಡಿಸಿ ತೋರಿಸಿ ಸ್ವಾಮಿ.

ಹಾಸನ_ಹಸಿರು:
ಇರುವೆ ಪಂಚಾಯ್ತಿಗೆ ಬೇರೆ ಚರ್ಚೆ ತೆರೀರಪ್ಪ. ಬೇರುಕಣ್ಣು ಅವರೇ, ಚಳಿ ಕೊಡೋ ದಾರಿ ಹೇಳಿ.

ಬೇರುಕಣ್ಣು:
ಫ್ರಿಜ್ಜು. ಆದ್ರೆ ತಿಂಗಳು ತಪ್ಪಿದ್ರೆ ಎಲ್ಲಾ ವ್ಯರ್ಥ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಮುಂದಿನ ವರ್ಷದ ಹೂಮೊಗ್ಗು ಕಣ್ಣಿನೊಳಗೆ ಮೂಡೋದು ಬೇಸಿಗೆ ಬೆಳವಣಿಗೆ ಮುಗಿದ ಮೇಲೆ, ಎಲೆ ಇನ್ನೂ ಹಸಿರಾಗಿ ದುಡೀತಿರುವಾಗ. ಹಾಗಾಗಿ ಸೆಪ್ಟೆಂಬರ್ ತನಕ ಎಲೆ ಉಳಿಸಿಕೊಳ್ಳೋದೇ ಅರ್ಧ ಕೆಲಸ. ಜೂನ್‌ನಿಂದ ಮಳೆ ಎಲೆ ಮೇಲೆ ಬೀಳಬಾರದು, ಗಾಳಿಯೂ ನಿಲ್ಲಬಾರದು. ಪಾಲಿಹೌಸ್‌ನ ನಾಲ್ಕೂ ಬದಿ ಸುತ್ತಿ ಮೇಲೆತ್ತಿ, ಚಾವಣಿ ಮಾತ್ರ ಇರಲಿ. ಚುಕ್ಕೆ ಬಿದ್ದ ಎಲೆಯನ್ನ ತೆಗೆದು ಸುಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಮಳೆಗೆ ಮುಂಚೆ ಕಾಫಿಗೆ ಕಲಸೋ 1% ಬೋರ್ಡೋ ದ್ರಾವಣವನ್ನೇ (ಮೈಲುತುತ್ತ, ಸುಣ್ಣದ್ದು) ಒಂದು ಸಲ ಹೊಡೀಬಹುದು. ಎಳೆ ಚಿಗುರಿಗೆ ಬೇಡ, ಸುಡುತ್ತೆ.

ಅಕ್ಟೋಬರ್ ಮಧ್ಯಕ್ಕೆ ನೀರು ಕಡಿಮೆ ಮಾಡಿ. ಎಲೆ ಹಳದಿ ಆಗಲಿ ಬಿಡಲಿ, ಕಾಂಡವನ್ನ ಒಂದು ಇಂಚು ಬಿಟ್ಟು ಕತ್ತರಿಸಿ, ಗೆಡ್ಡೆ ಎತ್ತಿ ಮಣ್ಣು ತೊಳೀರಿ. ಕಾರ್ಬೆಂಡಾಜಿಮ್ ಅನ್ನೋ ಬೂಷ್ಟುನಾಶಕ ಲೀಟರಿಗೆ 1 ಗ್ರಾಂ ಕಲಸಿ ಇಪ್ಪತ್ತು ನಿಮಿಷ ಅದ್ದಿ, ನೆರಳಲ್ಲಿ ಒಂದು ದಿನ ಆರಿಸಿ. ಕೋಕೋಪೀಟ್ ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಂಡಿದ್ರೆ ನೀರು ತೊಟ್ಟಿಕ್ಕಬಾರದು, ಅಂಗೈ ಮಾತ್ರ ತಂಪಾಗಬೇಕು. ಅದರಲ್ಲಿ ಸುತ್ತಿ, ತೂತು ಮಾಡಿದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ 2ರಿಂದ 4 ಡಿಗ್ರಿಯಲ್ಲಿ 10 ವಾರ ಇಡಿ. ತರಕಾರಿ ಟ್ರೇ ಬೇಡ, ಅಲ್ಲಿ ಸಾಮಾನ್ಯವಾಗಿ 6-8 ಇರುತ್ತೆ. ಒಂದು ಲೋಟ ನೀರಲ್ಲಿ ಥರ್ಮಾಮೀಟರ್ ಮುಳುಗಿಸಿ ರಾತ್ರಿ ಇಟ್ಟು, ಯಾವ ಅಂತಸ್ತು ಎಷ್ಟಿದೆ ಅಂತ ಮೊದಲೇ ನೋಡ್ಕೊಳ್ಳಿ. ಅದೇ ಫ್ರಿಜ್ಜಲ್ಲಿ ಸೇಬು, ಬಾಳೆಹಣ್ಣು ಇಡಬೇಡಿ, ಅವು ಬಿಡೋ ಎಥಿಲೀನ್ ಅನಿಲ ಒಳಗಿನ ಮೊಗ್ಗನ್ನ ಕೊಲ್ಲುತ್ತೆ. ಎರಡು ವಾರಕ್ಕೊಮ್ಮೆ ಬಿಚ್ಚಿ, ಒಣಗಿದ್ರೆ ನೀರು ಚಿಮುಕಿಸಿ, ಬೂಷ್ಟು ಕಂಡ್ರೆ ಒರೆಸಿ.

ಡಿಸೆಂಬರ್ ಕೊನೆಗೆ ನೆಡಿ. ಆಗ ಫೆಬ್ರವರಿ ಕೊನೆಯೊಳಗೆ ಹೂ ಸಿಗುವ ಸಾಧ್ಯತೆ ಇದೆ. ನವೆಂಬರ್ ಕೊನೆಗೆ ಎತ್ತಿದ್ರೆ ಮೊಗ್ಗು ಬರೋ ಹೊತ್ತಿಗೆ ಮಾರ್ಚ್-ಏಪ್ರಿಲ್ ಬಿಸಿಲು, ಮತ್ತೆ ಅದೇ ಕಪ್ಪು ಬಟಾಣಿ.

ಕಾಡುಮಲ್ಲಿಗೆ:
ಜಿಬ್ಬರೆಲಿಕ್ ಆಸಿಡ್ (ಗಿಡದ ಬೆಳವಣಿಗೆ ಹಾರ್ಮೋನು) ಹಾಕಿದ್ರೆ ಚಳಿ ಬೇಡ್ವಂತೆ? ದ್ರಾಕ್ಷಿಗೆ ಹೊಡೀತಾರಲ್ಲ, ಅದು.

ಬೇರುಕಣ್ಣು:
ಬೇಡ ಅಂತಲ್ಲ, ಚಳಿ ಸ್ವಲ್ಪ ಕಮ್ಮಿ ಬಿದ್ದಿದ್ರೆ ಕೈಹಿಡಿಯುತ್ತೆ ಅಷ್ಟೇ. ಫ್ರಿಜ್ಜಿಂದ ತೆಗೆದು ನೆಟ್ಟು ವಾರ ಹತ್ತು ದಿನಕ್ಕೆ 100 ಪಿಪಿಎಂ, ಅಂದ್ರೆ ಲೀಟರಿಗೆ 100 ಮಿಲಿಗ್ರಾಂ, ಕುಂಡಕ್ಕೆ ಕಾಲು ಲೀಟರ್ ಬುಡಕ್ಕೆ ಹಾಕೋದು. ಪುಡಿ ನೀರಲ್ಲಿ ಸರಿಯಾಗಿ ಕರಗಲ್ಲ, ಮೊದಲು ಚೂರು ಸ್ಪಿರಿಟ್‌ನಲ್ಲಿ ಕರಗಿಸಿ. ಚಳಿಯೇ ಕೊಡದ ಗೆಡ್ಡೆಗೆ ಹಾಕಿದ್ರೆ ಕುಡಿ ಉದ್ದುದ್ದ ಬಂದು ಬಾಗುತ್ತೆ.

ತೋಟದ_ಮನೆ:
ಅದೆಲ್ಲ ಇರಲಿ, ಮಣ್ಣು? ಕಾಫಿ ತೋಟದ ಮಣ್ಣು ಹುಳಿ.

ಬೇರುಕಣ್ಣು:
ಇದು ಸರಿಯಾದ ಮಾತು. ಪಿಯೋನಿಗೆ ಪಿಎಚ್ (ಹುಳಿಯ ಅಳತೆ, ಕಮ್ಮಿ ಆದಷ್ಟು ಹುಳಿ ಜಾಸ್ತಿ) 6.5ರಿಂದ 7 ಬೇಕು, ನಮ್ಮ ತೋಟದ್ದು ಹೆಚ್ಚಾಗಿ 5-6ರ ಆಸುಪಾಸು. ಕೆಂಪು ಮಣ್ಣು ಎರಡು ಪಾಲು, ದಪ್ಪ ಮರಳು ಒಂದು, ಹಳೇ ಕೊಟ್ಟಿಗೆ ಗೊಬ್ಬರ ಒಂದು, ಲೀಟರ್ ಮಿಶ್ರಣಕ್ಕೆ ಸುಮಾರು 3 ಗ್ರಾಂ ಡೋಲೊಮೈಟ್ (ಹುಳಿ ತಗ್ಗಿಸೋ ಸುಣ್ಣಕಲ್ಲಿನ ಪುಡಿ). 20 ಲೀಟರಿನ ಕುಂಡಕ್ಕೆ 60 ಗ್ರಾಂ ಆಯ್ತು. ಕುಂಡ 16 ಇಂಚಿಗೆ ಕಮ್ಮಿ ಬೇಡ. ಆ ವಾರದ 19:19:19 ಇವತ್ತೇ ನಿಲ್ಲಿಸಿ. ದೃಷ್ಟಿ ತಾಗೋ ಎಲೆ ಬಂದಿರೋದು ಆ ಸಾರಜನಕದಿಂದ. ಕುಡಿ ಮೂಡುವಾಗ ಒಂದು ಹಿಡಿ ಎಲುಬಿನ ಪುಡಿ, ಹೂ ಮುಗಿದ ಮೇಲೆ ಇನ್ನೊಂದು, ಅಷ್ಟು ಸಾಕು.

ಕಾಡುಮಲ್ಲಿಗೆ:
ಗಿಡ ಹೆಚ್ಚು ಮಾಡೋದು? ಕಡ್ಡಿ ಚುಚ್ಚಿದ್ದೆ, ಕೊಳೆತು ಹೋಯ್ತು.

ಬೇರುಕಣ್ಣು:
ಮನೆಮಟ್ಟಿಗೆ ಕಡ್ಡಿಯಿಂದ ಆಗಲ್ಲ. ಡಬಲ್ ಹೂವಿನಲ್ಲಿ ಬೀಜವೇ ಅಪರೂಪ. ಸಿಕ್ಕಿದ್ರೂ ತಾಯಿಯಂತೆ ಹೂ ಬರಲ್ಲ, ಮೊದಲು ಬೆಚ್ಚಗೆ ಮೂರು ತಿಂಗಳು ಬೇರಿಗೆ, ಆಮೇಲೆ ತಣ್ಣಗೆ ಮೂರು ತಿಂಗಳು ಚಿಗುರಿಗೆ ಅಂತ ಕಾಯಬೇಕು, ಹೂವಿಗೆ ಮತ್ತೆ ನಾಲ್ಕೈದು ವರ್ಷ. ಉಳಿದದ್ದು ಗೆಡ್ಡೆ ಸೀಳೋದು. ಅಕ್ಟೋಬರ್‌ನಲ್ಲಿ ಹೇಗೂ ಎತ್ತುತ್ತೀರಲ್ಲ, ಆಗಲೇ. ಆದ್ರೆ ಗಿಡಕ್ಕೆ ಮೂರು ನಾಲ್ಕು ವರ್ಷ ತುಂಬಿರಬೇಕು. ಎತ್ತಿದ ತಕ್ಷಣ ಬೇರು ಮೂಲಂಗಿಯಂತೆ ಪಟಪಟ ಮುರಿಯುತ್ತೆ, ಒಂದು ದಿನ ನೆರಳಲ್ಲಿಟ್ರೆ ಬಳುಕುತ್ತೆ, ಆಮೇಲೆ ಕತ್ತಿ ಹಾಕಿ. ಒಂದೊಂದು ತುಂಡಿಗೂ 3ರಿಂದ 5 ಕಣ್ಣು, ಒಂದು ಗೇಣಿಗೆ ಸ್ವಲ್ಪ ಕಮ್ಮಿ ಉದ್ದದ ಬೇರು ಇರಲಿ. ಗಾಯಕ್ಕೆ ಇದ್ದಿಲ ಪುಡಿ ಒತ್ತಿ. ಕಣ್ಣಿಲ್ಲದ ಬರಿ ಬೇರು ನೆಟ್ರೆ ಚಿಗುರಲ್ಲ. ಸೀಳಿದ ಮೇಲೆ ಎರಡು ಮೂರು ವರ್ಷ ಹೂ ಕೇಳಬೇಡಿ. ನಿಮ್ಮ ಗೆಡ್ಡೆ ಇನ್ನೂ ಚಿಕ್ಕದು, ಈ ಸಲ ಸೀಳೋದು ಬೇಡ.

ಡೇರೆ_ಪ್ರಿಯೆ (ಕೊಪ್ಪ):
ಇಷ್ಟೆಲ್ಲ ಉಪದ್ವ್ಯಾಪ ಒಂದು ಹೂವಿಗೆ! ಡೇರೆ ಹಾಕಿ ಅಂದ್ರೆ ಯಾರೂ ಕೇಳಲ್ಲ. ಮುಂಗಾರಿಗೆ ಮುಂಚೆ ಗೆಡ್ಡೆ ಹೂತಿಟ್ರೆ ಮಳೆಗಾಲದಲ್ಲಿ ತಟ್ಟೆ ಗಾತ್ರದ ಡಬಲ್ ಹೂ. ನನ್ನ ಹತ್ರ ಅಂಗಳದ ಸುತ್ತ ನಲವತ್ತು ಬಣ್ಣ ಇದೆ, ಅಡಿಕೆ ದಬ್ಬೆ ಊರುಗೋಲು, ಮೇಲೆ ಪ್ಲಾಸ್ಟಿಕ್ ಹೊದಿಕೆ. ಕಡ್ಡಿ ಚುಚ್ಚಿದ್ರೂ ಬರುತ್ತೆ: ನಾಲ್ಕಿಂಚಿನ ಎಳೆ ಕುಡಿ, ಗೆಣ್ಣಿನ ಕೆಳಗೆ ಕೊಯ್ದು ಮರಳಿಗೆ, ಎರಡು ಮೂರು ವಾರಕ್ಕೆ ಬೇರು.

ಗಿರಿ_ತಪ್ಪಲು:
ನಲವತ್ತಾ? ನಮ್ಮಲ್ಲಿ ಅರವತ್ತು ದಾಟಿದೆ. ಕಪ್ಪುಗೆಂಪು ಚೆಂಡು ಡೇರೆ ಇದೆಯಾ ನಿಮ್ಮಲ್ಲಿ?

ಡೇರೆ_ಪ್ರಿಯೆ (ಕೊಪ್ಪ):
ಎರಡು ಬಗೆ ಇದೆ. ನಿಮ್ಮ ಬಿಳಿ ಅಂಚಿನ ನೇರಳೆ ಕೊಟ್ರೆ ಒಂದು ಗೆಡ್ಡೆ ಕೊಡ್ತೀನಿ. ಕುತ್ತಿಗೆ ಮುರಿದ ಗೆಡ್ಡೆ ಮಾತ್ರ ದಾಟಿಸಬೇಡಿ, ಅದರಲ್ಲಿ ಕಣ್ಣಿರಲ್ಲ.

ಕಾಡುಮಲ್ಲಿಗೆ:
ಡೇರೆ ನಮ್ಮಲ್ಲೂ ಇದೆ, ನನಗೆ ಬೇಕಿರೋದು ಪಿಯೋನಿ. ಬೇರುಕಣ್ಣು ಅವರೇ, ನಮ್ಮಲ್ಲಿ ಅಕ್ಟೋಬರ್‌ನಲ್ಲಿ ಗುಡುಗು ಬಂದ್ರೆ ಕರೆಂಟು ಎರಡು ದಿನ ಇರಲ್ಲ. ಫ್ರಿಜ್ಜಿನ ಕಥೆ?

ಬೇರುಕಣ್ಣು:
ಬಾಗಿಲು ತೆಗೆಯದಿದ್ರೆ ಏಳೆಂಟು ತಾಸು ತೊಂದರೆ ಇಲ್ಲ. ಎರಡು ದಿನ ಅಂದ್ರೆ ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿ ನಾಲ್ಕು ಪಕ್ಕದಲ್ಲಿಡಿ, ಚೀಲಕ್ಕೆ ತಾಗಬಾರದು, ನಡುವೆ ಪೇಪರ್ ಇರಲಿ. ಬೆಚ್ಚಗಾದ ದಿನಗಳನ್ನ ಕೊನೆಗೆ ಸೇರಿಸಿ, 10 ವಾರ 11 ಆಗಲಿ. ಕಣ್ಣು ಒಂದು ಇಂಚು ಉದ್ದ ಬಿಳಿಯಾಗಿ ಚಾಚಿದ್ರೆ ಮಾತ್ರ ಕಾಯದೆ ನೆಟ್ಟುಬಿಡಿ.

ಹಾಸನ_ಹಸಿರು:
ಒಂದು ಯೋಚನೆ. ನಮ್ಮ ಹಾಸನದಲ್ಲಿ ಬಿತ್ತನೆ ಆಲೂಗಡ್ಡೆಗೆ ಕೋಲ್ಡ್ ಸ್ಟೋರೇಜ್ ಇದಾವೆ, ಬಿತ್ತನೆ ಗೆಡ್ಡೆ ಇಡೋದೂ ಇದೇ 2-4 ಡಿಗ್ರಿಗೆ. ಪರಿಚಯ ಇದ್ರೆ ಒಂದು ಕ್ರೇಟ್ ಮೂಲೇಲಿ ಇಟ್ಕೊಳ್ತಾರೆ. ಜನರೇಟರ್ ಇದ್ರೆ ಕರೆಂಟ್ ಚಿಂತೆಯೂ ಇಲ್ಲ. ಐದಾರು ಜನ ಸೇರಿದ್ರೆ ಒಟ್ಟಿಗೆ ಇಡಬಹುದು. ಆಗುತ್ತಾ?

ಬೇರುಕಣ್ಣು:
ಆಗುತ್ತೆ, ಆದ್ರೆ ಎರಡು ಕೇಳಿಕೊಂಡು ಹೋಗಿ. ಬಿತ್ತನೆ ಸೀಸನ್ ಅಲ್ಲದ ಅಕ್ಟೋಬರ್-ಡಿಸೆಂಬರ್‌ನಲ್ಲಿ ಆ ಕೋಣೆ ಓಡ್ತಿರುತ್ತಾ ಅಂತ ಒಂದು. ಅದೇ ಕೋಣೇಲಿ ಸೇಬಿನ ಪೆಟ್ಟಿಗೆ ಇದೆಯಾ ಅಂತ ಇನ್ನೊಂದು. ಸೇಬು ಇದ್ರೆ ಬೇಡ.

ಹಾಸನ_ಹಸಿರು:
ವಿಚಾರಿಸಿ ಬರೀತೀನಿ. ಗೆಡ್ಡೆ ಇರೋರು ಎಷ್ಟು ಅಂತ ಇಲ್ಲೇ ಹಾಕಿ, ಕ್ರೇಟ್ ಲೆಕ್ಕ ಹೇಳಬೇಕು.

ತೋಟದ_ಮನೆ:
ನನ್ನವು ಎರಡು. ಹೆಸರು ಬರೆದ ಚೀಟಿ ಕಟ್ಟಿ ಕೊಡ್ತೀನಿ, ಪೆನ್ಸಿಲ್‌ನಲ್ಲಿ. ಪೆನ್ನಿನ ಶಾಯಿ ತೇವಕ್ಕೆ ಅಳಿಸಿ ಹೋಗುತ್ತೆ.