ಬದನೆ ಗಿಡಗಳು ಹಸಿರಾಗಿರುವಾಗಲೇ ಬಾಡಿ ಸಾಯುತ್ತಿವೆ, ದಯವಿಟ್ಟು ಕಾರಣ ತಿಳಿಸಿ

ನೀರ್ಚಾಲು ಗುಂಪು ಕೃಷಿ, ಜುಲೈ 6
ನಾವು ಎಂಟು ಮಂದಿ ಹೆಂಗಸರು ಸೇರಿ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಬಳಿ ಗುಡ್ಡದ ಬದಿಯ 60 ಸೆಂಟ್ಸ್ ಜಾಗವನ್ನು ಗೇಣಿಗೆ ಪಡೆದು, ಮೇ ಕೊನೆಯಲ್ಲಿ ಬದನೆಯನ್ನೂ ಜೂನ್ ಕೊನೆಯಲ್ಲಿ ಓಣಂ ಮಾರುಕಟ್ಟೆಗೆಂದು ಗೊಂಡೆ (ಚೆಂಡು) ಹೂವನ್ನೂ ನೆಟ್ಟಿದ್ದೇವೆ. ಬದನೆ ಗಿಡ ಮಧ್ಯಾಹ್ನ ಬಾಡುತ್ತದೆ, ಸಂಜೆಗೆ ಚೇತರಿಸಿದಂತೆ ಕಾಣುತ್ತದೆ, ಮೂರು ನಾಲ್ಕು ದಿನಗಳಲ್ಲಿ ಎಲೆ ಹಳದಿಯಾಗದೆಯೇ ಜೋತುಬಿದ್ದು ಸಾಯುತ್ತದೆ. 400ರಲ್ಲಿ 70 ಗಿಡಗಳು ಹೋಗಿವೆ. ಗೊಬ್ಬರ, ಬೇವಿನ ಹಿಂಡಿ ಎಲ್ಲವನ್ನೂ ಕ್ರಮವಾಗಿಯೇ ಕೊಟ್ಟಿದ್ದೇವೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಾಲವನ್ನು ಕಣ್ಣಾರೆ ಕಂಡವರು ನಮ್ಮಲ್ಲಿದ್ದಾರೆ. ಆದ್ದರಿಂದ ವಿಷ ಸಿಂಪಡಿಸುವ ಸಲಹೆ ಬೇಡ.

ಪೆರ್ಲದ ಕೃಷಿಕ, ಜುಲೈ 6
ಅಕ್ಕಾ, ಸುಣ್ಣ ಎಷ್ಟು ಹಾಕಿದ್ದೀರಿ ಎಂದು ಬರೆದಿಲ್ಲ. ನಮ್ಮ ಮುರಕಲ್ಲಿನ ಮಣ್ಣು ಹುಳಿಮಣ್ಣು. ಜೂನ್, ಜುಲೈ ಮಳೆ ಇದ್ದ ಸುಣ್ಣದ ಅಂಶವನ್ನೂ ತೊಳೆದುಬಿಡುತ್ತದೆ. ಬೇರು ಆಹಾರ ಎಳೆಯಲಾಗದೆ ಗಿಡ ಸೊರಗಿದೆ. ಬುಡಕ್ಕೆ ಚಿಪ್ಪಿನ ಸುಣ್ಣ ಕೊಡಿ.

ಮುಳ್ಳೇರಿಯ ತೋಟ, ಜುಲೈ 7
ಹಟ್ಟಿಗೊಬ್ಬರ ಕೊಟ್ಟ ಬುಡಕ್ಕೆ ಈಗ ಸುಣ್ಣ ಸುರಿದರೆ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ. ಸುಣ್ಣವನ್ನು ನಾಟಿಗೆ ಕೆಲವು ವಾರ ಮೊದಲೇ ಮಣ್ಣಿಗೆ ಸೇರಿಸಬೇಕು. ಇದು ಬೇರು ಕೊಳೆಸುವ ಶಿಲೀಂಧ್ರವೆಂದು ನನ್ನ ಅಭಿಪ್ರಾಯ, ಅದನ್ನು ತಡೆಯುವ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಕೊಡಿ.

ಪೆರ್ಲದ ಕೃಷಿಕ, ಜುಲೈ 7
ನಾನು ಮೂವತ್ತು ವರ್ಷಗಳಿಂದ ಸುಣ್ಣ ಹಾಕುತ್ತಿದ್ದೇನೆ, ಒಂದು ಗಿಡವೂ ಅದರಿಂದ ಕೆಟ್ಟಿಲ್ಲ. ಸುಣ್ಣದಂತೆಯೇ ಹಾಕುವ ಡಾಲಮೈಟ್ ಕಲ್ಲಿನ ಪುಡಿಯಾದರೆ ಮೆಗ್ನೀಸಿಯವೂ ಸಿಗುತ್ತದೆ ನಿಜ, ಆದರೆ ಚಿಪ್ಪಿನ ಸುಣ್ಣದಷ್ಟು ಬೇಗ ಅದು ಕೆಲಸ ಮಾಡುವುದಿಲ್ಲ.

ಬಾಯಾರಿನ ಸುರಂಗದವರು, ಜುಲೈ 7
ನೀರು ಯಾವುದೆಂದು ಯಾರೂ ಕೇಳಲಿಲ್ಲ. ನಮ್ಮಲ್ಲಿ ನೀರಿಗಾಗಿ ಅಜ್ಜ ಗುಡ್ಡದೊಳಕ್ಕೆ ಅಡ್ಡಲಾಗಿ ತೋಡಿಸಿದ 45 ಕೋಲು ಉದ್ದದ ಸುರಂಗವಿದೆ. ಬೇಸಗೆಯಲ್ಲೂ ಪಂಪಿಲ್ಲದೆ ನೀರು ತಾನಾಗಿ ಟ್ಯಾಂಕಿಗೆ ಹರಿದು, ಅಲ್ಲಿಂದ ಹನಿ ನೀರಾವರಿಯ ಪೈಪುಗಳಿಗೆ ಇಳಿಯುತ್ತದೆ. ಎಲ್ಲ ತರಕಾರಿಯೂ ಅದರಿಂದಲೇ ಬೆಳೆಯುತ್ತದೆ, ಬದನೆ ಬಾಡಿದ್ದನ್ನು ನಾವು ಕಂಡಿಲ್ಲ.

ಮಂಜೇಶ್ವರ ತರಕಾರಿ, ಜುಲೈ 8
ಅಕ್ಕಾ, ಮೂರು ವಿಷಯ ತಿಳಿಸಿ. ಆ ಜಾಗದಲ್ಲಿ ಮೊದಲು ಏನಿತ್ತು? ಸಾವು ಎಲ್ಲಿಂದ ಆರಂಭವಾಗಿ ಯಾವ ಕಡೆಗೆ ಸಾಗಿದೆ? ಈಗಷ್ಟೇ ಬಾಡಿದ ಗಿಡವೊಂದರ ಕಾಂಡವನ್ನು ಬುಡದಲ್ಲಿ ಕತ್ತರಿಸಿ, ತುಂಡನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಕದಲಿಸದೆ ಇಳಿಬಿಟ್ಟರೆ ಕೆಲವು ನಿಮಿಷಗಳಲ್ಲಿ ಏನು ಕಾಣುತ್ತದೆ?

ನೀರ್ಚಾಲು ಗುಂಪು ಕೃಷಿ, ಜುಲೈ 9
ಕತ್ತರಿಸಿದ ತುದಿಯಿಂದ ಹಾಲಿನಂತಹ ಬಿಳಿ ಎಳೆ ನೀರಿಗಿಳಿಯಿತು. ಕಳೆದೆರಡು ವರ್ಷ ಜಾಗದ ಯಜಮಾನರು ಅಲ್ಲಿ ಟೊಮೆಟೊ, ಹಸಿಮೆಣಸು ಹಾಕಿದ್ದರಂತೆ. ಅದು ಮುಖ್ಯವೆಂದು ನಮಗೆ ತೋಚಿರಲಿಲ್ಲ. ಮೇಲಿನ ಮೂಲೆಯಲ್ಲಿ ಆರಂಭವಾಗಿ, ಮಳೆನೀರಿನ ಕಣಿಯ ಗುಂಟ ಕೆಳಗಿಳಿದಿದೆ. ಇನ್ನೊಂದು ಸಂಕಟವನ್ನೂ ಹೇಳಬೇಕು. ಏರುಮಡಿಗಳನ್ನು ನಾವು ತಲಾ ಹಂಚಿಕೊಂಡಿದ್ದೆವು. ಮೇಲಿನ ಮಡಿಗಳ ಇಬ್ಬರಿಗೆ ಈಗ ಏನೂ ಉಳಿದಿಲ್ಲ, ಅವರಲ್ಲೊಬ್ಬರು ಗುಂಪು ಬಿಡುತ್ತೇನೆಂದು ಅತ್ತರು.

ಮಂಜೇಶ್ವರ ತರಕಾರಿ, ಜುಲೈ 9
ಆ ಬಿಳಿ ಎಳೆಯೇ ಗುರುತು, ಇದು ದುಂಡಾಣು ಸೊರಗು ರೋಗ, ರಾಲ್ಸ್ಟೋನಿಯಾ ಎಂಬ ಬ್ಯಾಕ್ಟೀರಿಯದ್ದು. ಬದನೆ, ಟೊಮೆಟೊ, ಮೆಣಸು ಮೂರೂ ಒಂದೇ ಕುಟುಂಬದವಾದ್ದರಿಂದ ಹಿಂದಿನ ಬೆಳೆ ಬಿಟ್ಟುಹೋದದ್ದು ನಿಮ್ಮ ಗಿಡಗಳಿಗೆ ತಗಲಿದೆ. ತಗಲಿದ ಗಿಡವನ್ನು ಉಳಿಸುವ ಮದ್ದಿಲ್ಲ. ಬೇರುಸಹಿತ ಕಿತ್ತು ಸುಟ್ಟುಬಿಡಿ, ಗೊಬ್ಬರ ಗುಂಡಿಗೆ ಹಾಕಬೇಡಿ. ಮೇಲಿನ ಮಡಿಗಳ ನೀರು ಕೆಳಗಿನವಕ್ಕೆ ಹೋಗದಂತೆ ಕಣಿಯನ್ನು ಹೊರಗೆ ತಿರುಗಿಸಿ, ಅಲ್ಲಿ ಬಳಸಿದ ಹಾರೆಯನ್ನು ತೊಳೆಯದೆ ಕೆಳಗೆ ಬಳಸಬೇಡಿ. ಬರಿದಾದ ಮಡಿಗಳಿಗೆ ಹಾಗಲ, ಹರಿವೆ, ಮುಳ್ಳುಸೌತೆ ಹಾಕಬಹುದು. ಮುಂದೆ ಬದನೆಯೇ ಬೇಕಾದರೆ ಕೇರಳ ಕೃಷಿ ವಿಶ್ವವಿದ್ಯಾಲಯದ ಸೂರ್ಯ, ಶ್ವೇತ, ಹರಿತ ಎಂಬ ರೋಗ ತಾಳುವ ತಳಿಗಳಿವೆ. ಕುದನೆ ಎಂಬ ಕಾಡುಬದನೆಯ ಗಿಡಕ್ಕೆ ಕಸಿ ಮಾಡಿದ ಸಸಿಯೂ ಆಗುತ್ತದೆ.

ಮುಳ್ಳೇರಿಯ ತೋಟ, ಜುಲೈ 10
ಬದನೆಯ ನಡುವೆ ಗೊಂಡೆ ನೆಟ್ಟಿದ್ದರೆ ಈ ರೋಗ ಬರುತ್ತಿರಲಿಲ್ಲ.

ಮಂಜೇಶ್ವರ ತರಕಾರಿ, ಜುಲೈ 10
ಅಣ್ಣಾ, ಗೊಂಡೆ ತಗ್ಗಿಸುವುದು ಬೇರುಗಂಟು ಜಂತುಹುಳುವನ್ನು. ಆ ಹುಳು ಮಾಡಿದ ಗಾಯದಿಂದ ಬ್ಯಾಕ್ಟೀರಿಯ ಒಳಹೋಗುವುದರಿಂದ ಪರೋಕ್ಷ ಪ್ರಯೋಜನವಿದೆ, ಅಷ್ಟೇ. ಗೊಂಡೆಗೂ ಈ ಸೊರಗು ರೋಗ ತಗಲಬಹುದಾದ್ದರಿಂದ ಕೆಳಗಿನ ಹೂವಿನ ಸಾಲುಗಳನ್ನು ಅಕ್ಕನವರು ದಿನವೂ ನೋಡಬೇಕು.

ನೀರ್ಚಾಲು ಗುಂಪು ಕೃಷಿ, ಜುಲೈ 14
ಕಣಿ ತಿರುಗಿಸಿದೆವು. ಮತ್ತೆ 11 ಗಿಡ ಹೋದವು, ನಿನ್ನೆ ಇಂದು ಹೊಸದಾಗಿ ಯಾವುದೂ ಬಾಡಿಲ್ಲ. ಗೊಂಡೆ ಚೆನ್ನಾಗಿದೆ. ನೀರು ಒಂದು ಮಡಿಯಿಂದ ಇನ್ನೊಂದಕ್ಕೆ ಹರಿಯುವ ನೆಲದಲ್ಲಿ ನಷ್ಟವನ್ನು ಮಾತ್ರ ಮಡಿಯ ಲೆಕ್ಕದಲ್ಲಿ ಹೊರಿಸುವುದು ನ್ಯಾಯವಲ್ಲವೆಂದು ನಿನ್ನೆಯ ಸಭೆಯಲ್ಲಿ ಎಲ್ಲರೂ ಒಪ್ಪಿ, ಮಡಿ ಹಂಚಿಕೆಯನ್ನು ಕೈಬಿಟ್ಟೆವು. ಇನ್ನು ದುಡಿದ ದಿನಗಳನ್ನು ಪುಸ್ತಕದಲ್ಲಿ ಬರೆದು, ಬಂದ ಹಣವನ್ನು ಅದರಂತೆ ಹಂಚುತ್ತೇವೆ. ಅತ್ತವರು ಇಂದು ಬೆಳಿಗ್ಗೆ ಹಾಗಲ ಬೀಜ ಹಿಡಿದು ಬಂದರು.

ಪೆರ್ಲದ ಕೃಷಿಕ, ಜುಲೈ 14
ರೋಗದ ವಿಷಯದಲ್ಲಿ ನನ್ನ ಊಹೆ ತಪ್ಪಾಯಿತು. ಆದರೂ ಮುಂದಿನ ನಾಟಿಗೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಅಕ್ಕಾ. ಸುಣ್ಣ ಎಷ್ಟು ಹಾಕಿದ್ದಿರೆಂದು ಇನ್ನೂ ತಿಳಿಸಿಲ್ಲ.