ಪದಚರ್ಚೆ: ಟ್ವೀಟರಿನ ‘ಡ್ಯಾಂಪಿಂಗ್ ಫೋಮ್’ಗೆ ಕನ್ನಡದಲ್ಲಿ ಏನನ್ನೋಣ?

ಧಾರವಾಡದಿಂದ ಪ್ರಶ್ನೆ

ಹಳೆಯ ಲೌಡ್‌ಸ್ಪೀಕರುಗಳ ದುರಸ್ತಿ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಟ್ವೀಟರಿನ (ಏರುದನಿ ಹೊಮ್ಮಿಸುವ ಚಿಕ್ಕ ಸ್ಪೀಕರಿನ) ಅಧ್ಯಾಯದಲ್ಲಿ ‘ಡ್ಯಾಂಪಿಂಗ್ ಫೋಮ್’ ಪುಟಪುಟಕ್ಕೂ ಬರುತ್ತದೆ. ಮೊದಲ ಕರಡಿನಲ್ಲಿ ಇದು ‘ತೇವದ ನೊರೆ’ ಆಗಿತ್ತು. ಡ್ಯಾಂಪ್ ಅಂದರೆ ತೇವ, ಫೋಮ್ ಅಂದರೆ ನೊರೆ, ನಿಘಂಟಿನ ಪ್ರಕಾರ ಎರಡೂ ಸರಿ! ಆದರೆ ಇಲ್ಲಿ ಅದು ಬೇಡದ ದನಿಯನ್ನು ಅಡಗಿಸುವ ಸ್ಪಂಜು. ಎರಡನೆಯ ಕರಡಿನಲ್ಲಿ ಭೌತಶಾಸ್ತ್ರದ ಪಾಠದಿಂದ ‘ಅವಮಂದಕ ಫೋಮ್’ ಬಂತು. ತಪ್ಪಲ್ಲ, ಆದರೆ ಸ್ಕ್ರೂಡ್ರೈವರ್ ಹಿಡಿದು ಕೂತವರಿಗೆ ಅದರಿಂದ ಏನೂ ಹೊಳೆಯುವುದಿಲ್ಲ. ಬರೀ ‘ಸ್ಪಂಜು’ ಎಂದರೆ ಸಾಕೇ?

ಇನ್ನೊಂದು: ‘ಶಿಥಿಲಗೊಂಡ ಫೋಮ್’ ಎಂದು ಬರೆದರೆ ಕೋಟೆಯ ಗೋಡೆಯ ಸುದ್ದಿಯಂತೆ ಕೇಳುತ್ತದೆ. ನಮ್ಮ ಕಡೆ ‘ಲಡ್ಡಾಗೇತಿ’ ಅನ್ನುತ್ತಾರೆ. ಅದನ್ನೇ ಬಳಸಬಹುದೇ? ರಿಪೇರಿ ಬಲ್ಲವರು ದಯವಿಟ್ಟು ತಿಳಿಸಿ.

ಹುಬ್ಬಳ್ಳಿಯಿಂದ ಉತ್ತರ

ಬರೀ ‘ಫೋಮ್’ ಸಾಲದು ಸರ್. ಅಂಗಡಿಯೊಳಗೆ ‘ಸ್ಪೀಕರಿಗೆ ಫೋಮ್ ಹಾಕಿ ಕೊಡ್ರಿ’ ಅಂದರೆ ವೂಫರಿನ (ತಗ್ಗುದನಿಯ ದೊಡ್ಡ ಸ್ಪೀಕರಿನ) ಕೋನಿನ, ಅಂದರೆ ಅದುರಿ ದನಿ ಹೊಮ್ಮಿಸುವ ಶಂಕುವಿನ, ಅಂಚಿಗೆ ಇರುವ ಸರೌಂಡ್ ಅಂತಲೇ ತಿಳಕೊಳ್ಳುತ್ತಾರೆ. ಅದು ಕೋನನ್ನು ಹಿಡಿದು ತೂಗುವ ಭಾಗ. ನೀವು ಕೇಳುತ್ತಿರುವ ಸ್ಪಂಜು ಏನನ್ನೂ ಹೊರುವುದಿಲ್ಲ. ಇಂಗ್ಲಿಷಿನಲ್ಲೂ ಒಂದು ತೊಡಕಿದೆ: ಬೇರೆಬೇರೆ ಎರಡು ಕೆಲಸಕ್ಕೆ ಒಂದೇ ಹೆಸರು.

ಕೆಲವು ಟ್ವೀಟರುಗಳಲ್ಲಿ ಸ್ಪಂಜು ಉಂಗುರದಂತೆ ಕೋನಿನ ಸುತ್ತ ಕೂತಿರುತ್ತದೆ. 1970ರಲ್ಲಿ ಬಂದ ಜೆಬಿಎಲ್ ಕಂಪನಿಯ ಎಲ್100 ಸೆಂಚುರಿ ಸ್ಪೀಕರಿನ ಎಲ್‌ಇ25 ಟ್ವೀಟರ್ ಇದಕ್ಕೆ ಹೆಸರಾದದ್ದು. ಇಂಥದರ ಕೆಲಸ ಅಂಚಿನ ಅದುರು ತಡೆಯುವುದು. ಗುಮ್ಮಟದ ಟ್ವೀಟರಿನಲ್ಲಿ, ಅಂದರೆ ಡೋಮ್ ಇರುವುದರಲ್ಲಿ, ಗುಮ್ಮಟದ ಕೆಳಗೆ ಆಯಸ್ಕಾಂತದ ನಡುಗಂಬದ ಮೇಲೆ ಬಿಲ್ಲೆಯಂಥ ಸ್ಪಂಜು ಇರುತ್ತದೆ. ಗುಮ್ಮಟ ಮುಂದಕ್ಕೆ ಹೊಮ್ಮಿಸಿದಷ್ಟೇ ದನಿಯನ್ನು ಹಿಂದಕ್ಕೂ ಹೊಮ್ಮಿಸುತ್ತದೆ. ಆ ದನಿ ಕಬ್ಬಿಣಕ್ಕೆ ಬಡಿದು ತಿರುಗಿ ಗುಮ್ಮಟದ ಮೂಲಕ ಹೊರಬಿದ್ದರೆ ಹೊಸ ದನಿಯ ಜೊತೆ ಕಲಸಿಕೊಂಡು ಕರ್ಕಶವಾಗುತ್ತದೆ. ಬಿಲ್ಲೆ ಅದನ್ನು ನುಂಗುತ್ತದೆ.

ಹೀಗಾಗಿ ಎರಡು ಪದ ಮಾಡಿರಿ. ಉಂಗುರದ್ದಕ್ಕೆ ‘ಸಿಂಬಿ’: ತಲೆಯ ಮೇಲೆ ಕೊಡದ ಕೆಳಗೆ ಇಡುತ್ತಾರಲ್ಲ, ಅದೇ ಆಕಾರ, ಅದೇ ಮೆತ್ತಗು. ನುಂಗುವುದಕ್ಕೆ ‘ಇಂಗುಬಿಲ್ಲೆ’. ಹೊಲದಲ್ಲಿ ಇಂಗುಗುಂಡಿ ತೋಡಿದವರಿಗೆ ನೀರು ಇಂಗಿದಂತೆ ದನಿಯೂ ಇಂಗುತ್ತದೆ ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

‘ಲಡ್ಡು’ ಅರ್ಧಕ್ಕೆ ಮಾತ್ರ ಸರಿ. ಲಡ್ಡಾದ ಕಟ್ಟಿಗೆ ಮುಟ್ಟಿದರೆ ಪುಡಿಯಾಗುತ್ತದೆ. ಸ್ಪಂಜು ಯಾವಾಗಲೂ ಹಾಗಾಗುವುದಿಲ್ಲ. ಪಾಲಿಯುರೆಥೇನ್ ಸ್ಪಂಜಿನಲ್ಲಿ ಎರಡು ಜಾತಿ. ಎಸ್ಟರ್ ಜಾತಿಯದು ಗಾಳಿಯ ತೇವಕ್ಕೇ ಒಡೆಯುತ್ತ ಹೋಗಿ ಡಾಂಬರಿನಂತೆ ಜಿಗಟಾಗುತ್ತದೆ, ಆಮೇಲೆ ಉದುರುತ್ತದೆ. ಈಥರ್ ಜಾತಿಯದು ತೇವ ತಾಳುತ್ತದೆ, ಆದರೆ ಬೆಳಕಿಗೂ ಗಾಳಿಗೂ ಹಳದಿಯಾಗಿ ಹಿಟ್ಟಾಗುತ್ತದೆ. (‘ತೇವದ ನೊರೆ’ ಬರೆದವರಿಗೆ ಸ್ವಲ್ಪ ಸಮಾಧಾನ: ಡ್ಯಾಂಪಿಂಗ್ ಫೋಮನ್ನು ಕೊಲ್ಲುವುದೂ ಡ್ಯಾಂಪೇ.) ‘ಜಿಗಟಾಗಿದೆ’, ‘ಹಿಟ್ಟಾಗಿದೆ’ ಎಂದು ಬೇರೆಬೇರೆಯಾಗಿ ಬರೆಯಿರಿ, ಯಾಕಂದರೆ ತೆಗೆಯುವ ರೀತಿಯೇ ಬೇರೆ. ಹಿಟ್ಟಾದದ್ದನ್ನು ಬಾಯಿಂದ ಊದಿದರೆ ಎಲ್ಲ ಹೋಗಿ ಕಾಯಿಲಿನ (ಗುಮ್ಮಟವನ್ನು ಆಡಿಸುವ ತಂತಿಸುರುಳಿಯ) ಸಂದಿಯಲ್ಲಿ ಬೀಳುತ್ತದೆ. ಆ ಸಂದಿ ಒಂದು ಮಿ.ಮೀ. ಸಹ ಇರುವುದಿಲ್ಲ, ಒಂದು ಕಣ ಸಿಕ್ಕರೂ ಝರ್ ಝರ್ ಶುರು. ಟ್ವೀಟರನ್ನು ಬೋರಲು ಹಿಡಿದು ಮೆತ್ತನೆಯ ಬ್ರಶ್ಶಿನಿಂದ ಕೆಳಕ್ಕೆ ಉದುರಿಸಬೇಕು. ಜಿಗಟನ್ನು ಮೊದಲು ಹಲ್ಲುಕಡ್ಡಿಯಿಂದ ಎತ್ತಿ, ಉಳಿದದ್ದನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿದ ಹತ್ತಿಕಡ್ಡಿಯಿಂದ ಒರೆಸಬೇಕು. ಹತ್ತಿ ತೊಟ್ಟಿಕ್ಕುವಷ್ಟು ಹಸಿ ಇರಬಾರದು. ಬಟ್ಟೆಯ ಗುಮ್ಮಟಕ್ಕೆ ಅದನ್ನು ತಾಗಿಸಬಾರದು, ಅದರ ಮೇಲಿನ ಲೇಪ ಎದ್ದು ಬರುತ್ತದೆ. ಥಿನ್ನರ್, ಅಸಿಟೋನ್ ಅಂತೂ ಬೇಡವೇ ಬೇಡ, ಕಾಯಿಲಿನ ಅಂಟೇ ಕರಗೀತು.

ಬಿಚ್ಚುವ ಹೆಜ್ಜೆಯಲ್ಲಿ ಎರಡು ಎಚ್ಚರಿಕೆ ಸೇರಿಸಿರಿ. ಕಬ್ಬಿಣದ ಸ್ಕ್ರೂಡ್ರೈವರನ್ನು ಆಯಸ್ಕಾಂತ ಕಸಿದುಕೊಳ್ಳುತ್ತದೆ, ನಡುವೆ ಗುಮ್ಮಟವಿದ್ದರೆ ತೂತು ಖಾತ್ರಿ. ಸ್ಕ್ರೂ ಸಡಿಲಾದ ಮೇಲೆ ಬಿದಿರು ಅಥವಾ ಹಿತ್ತಾಳೆಯ ಕಡ್ಡಿ ಬಳಸುವುದು ಲೇಸು. ಗುಮ್ಮಟ ನೆಟ್ಟಗೆ ಮೇಲಕ್ಕೆ ಎತ್ತಿದ ಕೂಡಲೇ ಸಂದಿಗೆ ಟೇಪು ಮುಚ್ಚಬೇಕು. ಬಿದ್ದ ಕಸವನ್ನು ದಪ್ಪ ಕಾಗದಕ್ಕೆ ಅಂಟು ಹೊರಗೆ ಬರುವಂತೆ ಟೇಪು ಸುತ್ತಿ, ಸಂದಿಯ ಉದ್ದಕ್ಕೂ ಆಡಿಸಿ ತೆಗೆಯಬೇಕು. ಸಂದಿಯಲ್ಲಿ ಕಪ್ಪು ಎಣ್ಣೆಯಂಥದು ಕಂಡರೆ ಅದು ಕೊಳೆಯಲ್ಲ, ಫೆರೋಫ್ಲೂಯಿಡ್, ಅಂದರೆ ಬೇಕೆಂದೇ ಹಾಕಿದ, ಆಯಸ್ಕಾಂತ ಹಿಡಿದಿಡುವ ದ್ರವ. ಅದಕ್ಕೆ ಸ್ಪಂಜು ತಾಗಿದರೆ ಬತ್ತಿಯಂತೆ ಹೀರಿಬಿಡುತ್ತದೆ.

ಹೊಸ ಸ್ಪಂಜಿನ ವಿಷಯದಲ್ಲೂ ಪದವೇ ದಾರಿ ತಪ್ಪಿಸುತ್ತದೆ. ‘ಓಪನ್ ಸೆಲ್’ ಅನ್ನು ‘ತೆರೆದ ಕೋಶ’ ಅಂತ ಬರೆದರೆ ಜೀವಶಾಸ್ತ್ರವಾಗುತ್ತದೆ. ‘ಗಾಳಿಯಾಡುವ ಸ್ಪಂಜು’ ಅನ್ನಿರಿ. ಅದರಲ್ಲೇ ಪರೀಕ್ಷೆಯೂ ಇದೆ, ಬಾಯಿಗೆ ಹಿಡಿದು ಊದಿದರೆ ಉಸಿರು ಆಚೆ ಹೋಗಬೇಕು. ಟಿವಿ ಪೆಟ್ಟಿಗೆಯಲ್ಲಿ ಬರುವ ಬಿಳಿ ಪ್ಯಾಕಿಂಗ್ ಹಾಳೆಯಲ್ಲಿ ಹೋಗುವುದಿಲ್ಲ, ಅದು ದನಿಯನ್ನು ಇಂಗಿಸದೆ ತಿರುಗಿಸುತ್ತದೆ. ಗಾದಿ ಅಂಗಡಿಯ ಚೂರೇ ಒಳ್ಳೆಯದು. ಹಾಸಿಗೆಯ ಸ್ಪಂಜು ಸಾಮಾನ್ಯವಾಗಿ ಈಥರ್ ಜಾತಿಯದು. ಅಲ್ಲಿ ‘32 ಡೆನ್ಸಿಟಿ’ ಅಂದರೆ ಘನಮೀಟರಿಗೆ 32 ಕಿಲೊ. ಅದಕ್ಕಿಂತ ದಟ್ಟವಾದದ್ದು ಬೇಡ.

ಅಳತೆಗೆ ಹಳೆಯ ಅಂಟಿನ ಗುರುತೇ ಸಾಕ್ಷಿ, ಒರೆಸುವ ಮೊದಲು ವರ್ನಿಯರ್‌ನಿಂದ ಒಳವ್ಯಾಸ, ಹೊರವ್ಯಾಸ ಬರೆದುಕೊಳ್ಳಬೇಕು. ಬಿಲ್ಲೆಯ ಮೇಲೆ, ಗುಮ್ಮಟ ಕೂತಾಗ, 1 ಮಿ.ಮೀ. ತೆರವು ಉಳಿಯಲಿ. ಸ್ಪಂಜನ್ನು ಒತ್ತಿ ಹಿಡಿದು ಕತ್ತರಿಸಿದರೆ ಅಂಚು ಡಮರುಗದಂತೆ ನಡುವೆ ಸೊರಗುತ್ತದೆ. ನೀರಲ್ಲಿ ಅದ್ದಿ ಫ್ರೀಜರಿನಲ್ಲಿ ಗಟ್ಟಿ ಮಾಡಿ, ಅಂಚು ಮಸೆದ ತಗಡಿನ ಕೊಳವೆಯಿಂದ ಕೊರೆದು, ಪೂರ್ತಿ ಒಣಗಿಸಿದರೆ ಅಂಚು ನೆಟ್ಟಗಿರುತ್ತದೆ. ಅಂಟು ಲೋಹಕ್ಕಷ್ಟೇ, ತೆಳ್ಳಗೆ. ರಬ್ಬರ್ ಸೊಲ್ಯೂಶನ್ ಹಚ್ಚಿ ಐದು–ಹತ್ತು ನಿಮಿಷ ಕಾಯ್ದು, ಬೆರಳಿಗೆ ಮೆತ್ತಿಕೊಳ್ಳದಂತಾದ ಮೇಲೆ ಸ್ಪಂಜು ಇಡಬೇಕು. ಥಟ್ಟನೆ ಹಿಡಿಯುವ ಸೂಪರ್ ಗ್ಲೂ ಸ್ಪಂಜಿನೊಳಗೆ ಏರಿ ಕಲ್ಲಾಗುತ್ತದೆ, ಅದರ ಹಬೆ ಗುಮ್ಮಟಕ್ಕೆ ಬಿಳಿ ಪೊರೆ ಕಟ್ಟುತ್ತದೆ.

ಗದಗಿನಿಂದ ಒಂದು ತಕರಾರು

‘ಇಂಗುಬಿಲ್ಲೆ’ ಬಹಳ ಚಲೋ ಐತ್ರಿ. ‘ಸಿಂಬಿ’ ಬಗ್ಗೆ ಅನುಮಾನ. ಸಿಂಬಿ ಭಾರ ಹೊರುತ್ತದೆ. ಕೊಡ ಇಟ್ಟು ಅದನ್ನು ಗಟ್ಟಿಯಾಗಿ ಅದುಮುತ್ತೇವೆ. ಓದಿದವರು ಉಂಗುರವನ್ನೂ ಹಾಗೇ ಅದುಮಿ ಕೂಡಿಸಿದರೆ ಕೋನು ಆಡುವುದೆಲ್ಲಿ? ಏರುದನಿಯೇ ಸತ್ತುಹೋಗುತ್ತದೆ.

ಇದಕ್ಕೆ ತಬಲಾದ ಕಡೆ ನೋಡಬಹುದು. ‘ನಾ’ ಎಂಬ ಬೋಲು (ಹೊಡೆತದ ದನಿ) ನುಡಿಸುವಾಗ ತೋರುಬೆರಳು ಅಂಚಿಗೆ ಬಡಿಯುತ್ತದೆ, ಉಂಗುರದ ಬೆರಳು ಶಾಯಿಯ (ನಡುವಿನ ಕಪ್ಪು ವೃತ್ತದ) ಅಂಚಿನ ಮೇಲೆ ಹಗುರಾಗಿ ಕೂತಿರುತ್ತದೆ. ಆ ಬೆರಳು ಎತ್ತಿದರೆ ಮೂಲದ ಗುಂಯ್‌ಕಾರ ಸೇರಿ ‘ನಾ’ ಮಸುಕಾಗುತ್ತದೆ. ಒತ್ತಿದರೆ ಬೋಲೇ ಸಾಯುತ್ತದೆ. ಡ್ಯಾಂಪಿಂಗ್ ಅಂದರೆ ಇದೇ. ಧಾರವಾಡ, ಗದಗಿನ ಓದುಗರಿಗೆ ಇಷ್ಟು ಹೇಳಿದರೆ ಉಳಿದದ್ದು ತಾನೇ ತಿಳಿಯುತ್ತದೆ. ಬಡಿದ ಮೇಲೆ ಉಳಿಯುವ ದನಿಗೆ ಗಾಯನ-ವಾದನದವರಲ್ಲಿ ‘ಆಂಸ’ ಅನ್ನುವ ಮಾತಿದೆ. ‘ಆಂಸ ತಡೆಯುವ ಬಳಿ’ (ಕೈಬಳೆ) ಅನ್ನಬಹುದೇ? ಬಳಿ ಏನನ್ನೂ ಹೊರುವುದಿಲ್ಲ, ಕೈಗೆ ತಾಗಿಯೂ ತಾಗದ ಹಾಗೆ ಇರುತ್ತದೆ.

ಹುಬ್ಬಳ್ಳಿಯಿಂದ ಮತ್ತೆ

ತಕರಾರು ಒಪ್ಪಿದೆ. ಆದರೆ ಬಳಿ ಅಂದರೆ ಗಾಜು, ಲೋಹ ನೆನಪಾಗುತ್ತದೆ, ಮೆತ್ತಗಿನದಲ್ಲ. ‘ಸಿಂಬಿ’ ಇಟ್ಟುಕೊಂಡು, ಮೊದಲ ಸಲ ಬಂದಲ್ಲಿ ‘ಹೊರುವ ಸಿಂಬಿಯಲ್ಲ, ತಬಲಾದ ಮೇಲಿನ ಉಂಗುರ ಬೆರಳಿನಂತೆ ತಾಗುವ ಸಿಂಬಿ’ ಅಂತ ಒಂದು ಸಾಲು ಹಾಕಿರಿ. ‘ಆಂಸ’ ಸಂಗೀತದವರಿಗೆ ಸವಿಯಾದ ಮಾತು, ಬೇಕೆಂದೇ ಉಳಿಸಿಕೊಳ್ಳುವಂಥದು. ಟ್ವೀಟರಿನಲ್ಲಿ ಉಳಿಯುವುದು ಬೇಡದ ಸದ್ದು. ಅದಕ್ಕೆ ‘ಅದುರು’ ಸಾಕು.

ಧಾರವಾಡದಿಂದ

ಇಬ್ಬರಿಗೂ ವಂದನೆ. ಕರಡಿನ ಸಾಲು ಈಗ ಹೀಗಿದೆ: ‘ಇಂಗುಬಿಲ್ಲೆ ಜಿಗಟಾಗಿದ್ದರೆ ಕಡ್ಡಿಯಿಂದ ಎತ್ತಿ ಒರೆಸಿ, ಹಿಟ್ಟಾಗಿದ್ದರೆ ಊದಬೇಡಿ, ಬೋರಲು ಹಿಡಿದು ಉದುರಿಸಿ. ಹೊಸ ಬಿಲ್ಲೆಗೆ ಗಾಳಿಯಾಡುವ ಸ್ಪಂಜನ್ನೇ ಬಳಸಿ. ಸಿಂಬಿ ಕೋನಿಗೆ ತಾಗಬೇಕು, ಒತ್ತಬಾರದು.’ ‘ಟ್ವೀಟರ್’ ಹಾಗೇ ಇರುತ್ತದೆ, ‘ಚಿಲಿಪಿಲಿಕ’ ಮಾಡುವ ಆಸೆಯಿಲ್ಲ. ಕಾಯಿಲ್ ಆಡುವ ಜಾಗಕ್ಕೆ ‘ಸಂದಿ’ ಎಂದಿದ್ದೇನೆ. ಬಾಗಿಲ ಸಂದಿಯಷ್ಟು ಅಗಲ ಎಂದು ಯಾರೂ ತಿಳಿಯದಿರಲಿ ಎಂದು ಪಕ್ಕದಲ್ಲಿ ‘1 ಮಿ.ಮೀ.ಗಿಂತ ಕಡಿಮೆ’ ಎಂದೂ ಬರೆದಿದೆ. ಇದಕ್ಕಿಂತ ಕಿರಿದಾದ ಪದ ಯಾರಿಗಾದರೂ ಹೊಳೆದರೆ ತಿಳಿಸಿ.