ಅಪ್‌ಡೇಟ್: ಅಪ್ಪನ ನೋಕಿಯಾ 1100 ಮತ್ತೆ ಕಂಠೀರವ ಕ್ರೀಡಾಂಗಣಕ್ಕೆ ಬಂತು

ಅಪ್ಪ ನನ್ನನ್ನು ಫುಟ್‌ಬಾಲ್ ನೋಡಲು ಕರೆದೊಯ್ಯುತ್ತಿದ್ದ ಕಾಲದ ನೋಕಿಯಾ 1100 ಆನ್ ಆಗುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೆ. ಬ್ಯಾಟರಿಯದೇ ದೋಷ ಎಂದವರ ಊಹೆ ಸರಿ, ಬಿಎಲ್-5ಸಿ ಉಬ್ಬಿಹೋಗಿತ್ತು. (ಉಬ್ಬಿದ್ದನ್ನು ದಯವಿಟ್ಟು ಚಾರ್ಜಿಗೆ ಹಾಕಬೇಡಿ, ಇ-ತ್ಯಾಜ್ಯಕ್ಕೆ ಕೊಡಿ.) ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹೊಸದು ಸಿಕ್ಕಿತು. ನನ್ನ ಜಿಯೋ ಸಿಮ್ ಮಾತ್ರ ಕೆಲಸ ಮಾಡಲಿಲ್ಲ: ಈ ಫೋನಿಗೆ 2ಜಿ ಬೇಕು, ಜಿಯೋದಲ್ಲಿ ಅದಿಲ್ಲ. ಅಮ್ಮನ ಚಿಕ್ಕ ಏರ್‌ಟೆಲ್ ಸಿಮ್ಮನ್ನು ಹಳೆಯ ಸಿಮ್ಮಿನ ಅಳತೆಯ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಕೂರಿಸಿ ಹಾಕಿದೆ. ಪರದೆಯ ಮೇಲೆ, ನೋಕಿಯಾ ಆನ್ ಆಗುವಾಗ ಕಾಣುವ ಆ ಎರಡು ಕೈಗಳು ಮೂಡಿದಾಗ ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಧೂಳಂತೆ.

ಬಳಿಕ ಮನೆಮಂದಿಯೆಲ್ಲ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಮೆಟ್ರೊ ಇಳಿದು ಬೆಂಗಳೂರು ಎಫ್‌ಸಿ ಪಂದ್ಯಕ್ಕೆ ಹೋದೆವು. ಟಿಕೆಟ್ ಇದ್ದದ್ದು ನನ್ನ ಫೋನಿನಲ್ಲಿ, "ಅಪ್ಪಾ, ನಿಮ್ಮದರಲ್ಲಿ ಇದು ಬರುತ್ತದೆಯೇ?" ಎಂದು ತಂಗಿ ಛೇಡಿಸಿದಳು. ವಿರಾಮದ ಹೊತ್ತಿಗೆ ಅವಳ ಓಲೆ ಕುರ್ಚಿಯಡಿ ಬಿತ್ತು, ನನ್ನ ಫೋನಿನ ಚಾರ್ಜ್ ಮುಗಿದಿತ್ತು. ಅಪ್ಪ ಮಾತಾಡಲಿಲ್ಲ. 'ಸಿ' ಗುಂಡಿ ಒತ್ತಿ ಟಾರ್ಚ್ ಹೊತ್ತಿಸಿದರು. ಓಲೆ ಸಿಕ್ಕಿತು.

ಎರಡನೆಯ ಅವಧಿಯ ಗೋಲನ್ನು ನನ್ನ ಮಗ ನೋಡಲೇ ಇಲ್ಲ. ಅಜ್ಜನ ಫೋನಿನ ಹಾವಿನ ಆಟದಲ್ಲಿ ಮುಳುಗಿದ್ದ.